ಕ್ಯಾಂಪ್‌ಬೆಲ್‌ನ ಗ್ಯಾರೇಜಿನಲ್ಲಿ ಆಯುಧಪೂಜೆ

ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ನನ್ನ ಕಾರಿನ ಬಾನೆಟ್ಟಿನ ಮೇಲೆ ಕೂತು ಸಿಗರೇಟು ಸೇದುತ್ತಿದ್ದವನನ್ನು ಕಾಲರು ಹಿಡಿದು ನೆಲಕ್ಕೆ ಕೆಡವಿದ್ದೆ. ಹಾಡುಹಗಲು, ಹತ್ತು ಜನರ ಎದುರಿಗೆ. ಅವನ ತುಟಿ ಒಡೆದು ರಕ್ತ ಬಂತು. ಡಾಟ್‌ಕಾಂ ಕಂಪನಿಗಳು ಕೆಲಸಕ್ಕೆ ಜನ ಸಿಕ್ಕರೆ ಸಾಕು ಅನ್ನುತ್ತಿದ್ದ ಕಾಲ, ಹಾಗಾಗಿ ನನ್ನನ್ನು ಕೆಲಸದಿಂದ ತೆಗೆಯದೆ ಎಚ್ಚರಿಕೆ ಕೊಟ್ಟು ಬಿಟ್ಟರು. ನನಗೇನೂ ಪಶ್ಚಾತ್ತಾಪವಾಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಅರವತ್ತರ ದಶಕದ ಗಾಡಿ ಅದು. ಎರಡು ಬಾಗಿಲು, ಎಂಟು ಸಿಲಿಂಡರು, ಕಡುಗೆಂಪು ಬಣ್ಣ. ಮಾರ್ಗನ್ ಹಿಲ್ ಊರಿನ ಮುದುಕನೊಬ್ಬನ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದ್ದದ್ದನ್ನು ಕ್ಯಾಂಪ್‌ಬೆಲ್ ಊರಿನ ನಮ್ಮ ಮನೆಗೆ ಎಳೆದು ತಂದು, ಎರಡು ವರ್ಷ ಕೂತು, ಒಂದೊಂದು ಬೋಲ್ಟೂ ಬಿಚ್ಚಿ ಕಟ್ಟಿದ್ದೆ. ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯ ಕಿಟಕಿ ಗಡಗಡ ಅನ್ನುತ್ತಿತ್ತು. ಆ ಸದ್ದಿಗೆ ನನಗೆ ಹೊಟ್ಟೆ ತುಂಬುತ್ತಿತ್ತು. ಒಮ್ಮೆ ಹೆಂಡತಿ ಅದರ ಮೇಲೆ ಗ್ರೋಸರಿ ಚೀಲ ಇಟ್ಟಳೆಂದು ಚೀಲವನ್ನೇ ಎತ್ತಿ ಗೋಡೆಗೆ ಬೀಸಿದೆ. ಟೊಮೆಟೊ ಒಡೆದು ಅವಳ ಮುಖಕ್ಕೆಲ್ಲ ಸಿಡಿಯಿತು.

“ಇನ್ನೊಂದ್ಸಲ ಈ ಕಾರಿಗೋಸ್ಕರ ಹಿಂಗಾಡಿದ್ರೆ ನಾನು ಈ ಮನೇಲಿರಲ್ಲ. ಹೇಳಿದೀನಿ,” ಅಂದಳು.

ಅವಳ ತಲೆ ಮುಟ್ಟಿ ಆಣೆ ಮಾಡಿದೆ.

ಆ ವರ್ಷದ ಆಯುಧಪೂಜೆಯ ಬೆಳಿಗ್ಗೆ ಅವಳೇ ಆರತಿ ತಟ್ಟೆ ಹಿಡಿದು ಗ್ಯಾರೇಜಿಗೆ ಬಂದಳು. “ಬನ್ನಿ, ನಿಮ್ಮ ಪಟ್ಟದರಾಣಿಗೆ ಪೂಜೆ ಮಾಡೋಣ,” ಅಂತ ನಕ್ಕಳು. ಅಬ್ಬಾ, ಬಚಾವಾದೆ ಅನ್ನಿಸಿತು. ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟಳು, ಬಾನೆಟ್ಟಿಗೆ ಕುಂಕುಮ ಹಚ್ಚಿದಳು. ಬಂಪರಿಗೂ ವಾಷಿಂಗ್ ಮಷೀನಿಗೂ ನಡುವೆ ನಿಂತು ಕರ್ಪೂರ ಬೆಳಗಿದಳು. “ಹ್ಞೂಂ, ಸ್ಟಾರ್ಟ್ ಮಾಡ್ರಿ. ನಿಂಬೆಹಣ್ಣು ಹತ್ತಿಸಿ ಹಿಂದಕ್ಕೆ ತಗೊಳ್ಳಿ.”

ಹ್ಯಾಂಡ್‌ಬ್ರೇಕು ಸಡಿಲವಿದ್ದದ್ದರಿಂದ ಕಾರನ್ನು ಯಾವಾಗಲೂ ಫಸ್ಟ್ ಗೇರಿನಲ್ಲೇ ನಿಲ್ಲಿಸುತ್ತಿದ್ದೆ. ಅದು ಹೊರಗೆ ಬರುತ್ತಿದ್ದದ್ದು ಅಪರೂಪಕ್ಕೆ; ದಿನವೂ ಆಫೀಸಿಗೆ ಓಡಿಸುತ್ತಿದ್ದದ್ದು ಇನ್ನೊಂದು ಕಾರು, ಕ್ಲಚ್ಚೇ ಇಲ್ಲದ ಆಟೊಮ್ಯಾಟಿಕ್. ಅದೇ ಅಭ್ಯಾಸದಲ್ಲಿ, ಕ್ಲಚ್ ಒತ್ತದೆ ಕೀ ತಿರುಗಿಸಿಬಿಟ್ಟೆ.

ಕಾರು ಮುಂದಕ್ಕೆ ನೆಗೆಯಿತು. ತಟ್ಟೆ ಸೀಲಿಂಗಿಗೆ ಬಡಿಯಿತು. ಅವಳ ಮೊಣಕಾಲು ಬಂಪರಿಗೂ ಮಷೀನಿಗೂ ಸಿಕ್ಕಿ ಲಟಕ್ ಅಂದದ್ದು ಎಂಜಿನ್ ಸದ್ದಿನ ಮೇಲೂ ಕೇಳಿಸಿತು. ಎಂಜಿನ್ ಆಫಾಯಿತು. ನಾನು ಗೇರು ನ್ಯೂಟ್ರಲ್ ಮಾಡಿ ಇಳಿದು ಮುಂದಕ್ಕೆ ಓಡಿದೆ. ಕಾರನ್ನು ಹಿಂದಕ್ಕೆ ತಳ್ಳಿದೆ, ಅವಳು ಕುಸಿದುಬಿದ್ದಳು. ಸೀರೆ ನೆನೆದು ಸಿಮೆಂಟಿನ ಮೇಲೆ ರಕ್ತ ಹರಿಯಿತು.

ಎರಡು ಆಪರೇಷನ್ ಆದವು, ಕಾಲಿಗೆ ರಾಡು ಹಾಕಿದರು. ಆಸ್ಪತ್ರೆಯಲ್ಲಿದ್ದಷ್ಟು ದಿನವೂ ನಾನು ಹೋದಾಗಲೆಲ್ಲ ಅವಳು ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದಳು. ಮನೆಗೆ ಕರೆತಂದ ದಿನ ಗ್ಯಾರೇಜಿನ ಬಾಗಿಲು ತೆರೆದು, ಅವಳ ಕಣ್ಣೆದುರಿಗೇ ಸುತ್ತಿಗೆ ತಗೊಂಡು ಕಾರಿನ ಮೇಲೆ ಬಿದ್ದೆ. ವಿಂಡ್‌ಶೀಲ್ಡ್ ಪುಡಿಯಾಯಿತು. ಹೆಡ್‌ಲೈಟು, ಬಾಗಿಲು, ಬಾನೆಟ್ಟು, ಯಾವುದನ್ನೂ ಬಿಡಲಿಲ್ಲ. ಗಾಜು ಚುಚ್ಚಿ ಕೈಯಲ್ಲಿ ರಕ್ತ ಸುರಿಯುತ್ತಿತ್ತು, ನಾನು ಅಳುತ್ತಿದ್ದೆ. ಅವಳು ಊರುಗೋಲಿನ ಮೇಲೆ ನಿಂತು, ನಾನು ಸುಸ್ತಾಗುವವರೆಗೆ ಕಾದಳು.

“ಅದನ್ಯಾಕೆ ಹೊಡೀತೀರ?” ಅಂದಳು. “ಅವತ್ತು ನೀವು ಓಡಿಬಂದು ಮೊದಲು ಬಂಪರ್ ಸವರಿ ನೋಡಿದ್ರಿ. ಆಮೇಲೆ ಕಾರು ತಳ್ಳಿದ್ರಿ. ನನ್ನ ಕಾಲು ಇನ್ನೂ ಮಧ್ಯೆ ಸಿಕ್ಕೇ ಇತ್ತು ಕಣ್ರೀ, ನಾನು ನೋಡ್ತಾನೇ ಇದ್ದೆ.”