ಎಡಕ್ಕೊಂದು ಟೈರು, ಬಲಕ್ಕೊಂದು ಟೈರು

ಕನ್ನಡಕದಂಗಡಿಯ ಆ ಮನುಷ್ಯನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. 'ಇದೋ ಅದೋ' ಎಂದರೆ ಸಾಕು, ಬಸ್‌ಸ್ಟ್ಯಾಂಡಿನಲ್ಲಿ ನಿದ್ದೆಗಣ್ಣಲ್ಲಿ ಕೂತವನೂ ಅಂಗಡಿಯ ಕಡೆ ಕೈ ತೋರಿಸುತ್ತಾನೆ. ಹೆಸರು ಬಂದದ್ದು ಕಸುಬಿನಿಂದಲೇ. ಕಣ್ಣು ತೋರಿಸಲು ಕೂತವರ ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಒಂದು ಗಾಜು ಹಾಕಿ, ಅದನ್ನು ತೆಗೆದು ಇನ್ನೊಂದು ಹಾಕಿ "ಇದೋ, ಅದೋ?" ಎನ್ನುತ್ತಾನೆ. ಗಿರಾಕಿ "ಇದು" ಎಂದರೆ ಮುಗಿಯಿತೇ? ಎಲ್ಲಿ ಬಂತು! "ನಿಜವಾಗ್ಲೂ ಇದಾ? ಇನ್ನೊಂದ್ಸಲ ನೋಡಿ" ಎಂದು ಮತ್ತೆ ಮೊದಲಿನಿಂದ ಶುರು. ಒಳಗೆ ಬರುವಾಗ ಗೋಡೆಯ ಅಕ್ಷರ ಮಾತ್ರ ಮಂಜಾಗಿದ್ದವರಿಗೆ ಹೊರಗೆ ಹೋಗುವಷ್ಟರಲ್ಲಿ ತಮ್ಮ ತಲೆಯ ಮೇಲೇ ಅನುಮಾನ ಹುಟ್ಟಿರುತ್ತದೆ.

ಕೆಲಸಗಾರ ಕೆಟ್ಟವನಲ್ಲ. ಅವನು ಕೊಟ್ಟ ಕನ್ನಡಕ ತಪ್ಪಾಯಿತು ಎಂದವರು ಒಬ್ಬರೂ ಸಿಗುವುದಿಲ್ಲ. ತಡವಾಯಿತು ಎಂದವರು ಬೀದಿಗೊಬ್ಬರು ಸಿಗುತ್ತಾರೆ. ಹೆಂಡತಿ ಒಳಕೋಣೆಯಲ್ಲಿ ಕೂತು ಗಾಜು ಉಜ್ಜುತ್ತಾಳೆ. ಅವಳ ಕೆಲಸ ಸಂಜೆಗೆ ಮುಗಿಯುತ್ತದೆ, ಅವನ ಯೋಚನೆ ಮುಗಿಯುವುದಿಲ್ಲ. ಅವಳು ಮದುವೆಗೆ ಒಪ್ಪಿದ ದಿನವೂ ಅವನು "ಇನ್ನೊಂದ್ಸಲ ಯೋಚನೆ ಮಾಡಿ ಹೇಳಿ" ಎಂದಿದ್ದನಂತೆ. ಅವತ್ತು ಆ ಮಾತು ಕೇಳಬೇಕಿತ್ತು ಎಂದು ಅವಳು ಈಗಲೂ ಹೇಳುತ್ತಾಳೆ.

ಅಂಥವನು ಒಂದು ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ಕೊಂಡ. ನಾಲ್ಕು ಚಕ್ರವೂ ಎಳೆಯುವ, ಎದೆ ಎತ್ತರದ, ಹತ್ತಲು ಒಂದು ಕೈ ಇಳಿಯಲು ಎರಡು ಕೈ ಬೇಕಾಗುವ ಗಾಡಿ. ನೆಪ ಒಳ್ಳೆಯದೇ ಇತ್ತು. ಬೆಟ್ಟದ ಮೇಲೆ ಒಂದು ಹೊಲಿಗೆ ಘಟಕ. ಬಸ್ಸು ಬುಡದವರೆಗೆ ಮಾತ್ರ, ಅಲ್ಲಿಂದ ಮೇಲಕ್ಕೆ ಮಣ್ಣಿನ ದಾರಿ. ಅಲ್ಲಿ ಹೊಲಿಯುವ ಹೆಂಗಸರಲ್ಲಿ ಅರ್ಧ ಜನರಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಬೇಸಿಗೆಯಲ್ಲಿ ಇವನೇ ಗಾಡಿ ಏರಿಸಿಕೊಂಡು ಹೋಗಿ, ಎಲ್ಲರ ಕಣ್ಣು ನೋಡಿ, "ಬರೋ ವಾರ ಕನ್ನಡಕ ನಿಮ್ಮ ಮೂಗಿನ ಮೇಲೆ" ಎಂದು ಮಾತು ಕೊಟ್ಟು ಬಂದ. ಬರುವಾಗ ಒಂದು ತಿರುವಿನಲ್ಲಿ ಗಾಡಿ ಇಷ್ಟೇ ಇಷ್ಟು ಜಾರಿತು. ಇಳಿದು ನೋಡಿದರೆ ಟೈರುಗಳು ನುಣ್ಣಗೆ, ಬೋಳುತಲೆಯ ಹಾಗೆ ಹೊಳೆಯುತ್ತಿದ್ದವು.

ಹೊಸ ಟೈರು ಹಾಕಿಸಬೇಕು. ಯಾವ ಟೈರು? ಅಷ್ಟೇ, ಮುಗಿಯಿತು ಕಥೆ.

ಹೆಂಡತಿಯ ತಮ್ಮ ಬಂದು ಬೆಂಕಿಗೆ ತುಪ್ಪ ಸುರಿದ. "ಭಾವ, ಕೆಸರಿನ ಟೈರೇ ಹಾಕ್ಸಿ. ಒಂದೊಂದು ಹಲ್ಲು ನೋಡಿ, ಇಟ್ಟಿಗೆ ಇದ್ದಂಗಿದೆ."

"ಟಾರ್ ರಸ್ತೇಲಿ ಅದು ಗುಂಯ್ ಅನ್ನುತ್ತೆ ಕಣೋ. ಆಲ್ ಟೆರೇನ್ ಅಂತ ಬರುತ್ತೆ. ಟಾರಿಗೂ ಸೈ, ಮಣ್ಣಿಗೂ ಸೈ, ಬಾಳಿಕೆನೂ ಜಾಸ್ತಿ."

"ಹಾಗಾದ್ರೆ ಅದೇ ಹಾಕ್ಸಿ."

"ಹಾಗಂತ ಕೆಸರಲ್ಲಿ ಕೈ ಕೊಟ್ರೆ?"

"ಹಾಗಾದ್ರೆ ಕೆಸರಿಂದೇ ಹಾಕ್ಸಿ ಭಾವ!"

"ಗುಂಯ್ ಅನ್ನುತ್ತಲ್ಲೋ!"

ತಮ್ಮ ತುಪ್ಪದ ಸೌಟು ಕೆಳಗಿಟ್ಟು ಎದ್ದು ಹೋದ.

ಆಮೇಲೆ ಶುರುವಾದದ್ದು ತಪಸ್ಸು. ಅಂಗಡಿಗೆ ಬಂದವರ ಕಣ್ಣು ನೋಡುವುದನ್ನು ಬಿಟ್ಟು ಅವರ ಗಾಡಿಯ ಟೈರು ನೋಡತೊಡಗಿದ. ಬೀದಿಯಲ್ಲಿ ನಿಂತ ಗಾಡಿಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ಟೈರಿನ ಗೀರುಗಳಿಗೆ ಬೆರಳು ತೂರಿಸಿ ಆಳ ನೋಡುವವನನ್ನು ಕಂಡು, ಗಾಳಿ ಬಿಡುವ ಕಳ್ಳನೆಂದು ಒಬ್ಬ ಕಾಲರ್ ಹಿಡಿದದ್ದೂ ಆಯಿತು. ಊಟದ ತಟ್ಟೆಯ ಮುಂದೆ ಸೈಡ್‌ವಾಲ್, ಮಲಗುವ ಮುಂಚೆ ಸೈಡ್‌ವಾಲ್. ಕಲ್ಲು ತಾಗಿದರೆ ಹರಿಯುವುದು ಟೈರಿನ ಆ ಪಕ್ಕದ ಗೋಡೆಯೇ ಎಂದು ಮನೆಯ ಬೆಕ್ಕಿಗೂ ತಿಳಿದುಹೋಯಿತು. ಕನ್ನಡಕಗಳು ಮಾತ್ರ ಪೆಟ್ಟಿಗೆಯಲ್ಲಿ ತಯಾರಾಗಿ ಕೂತಿದ್ದವು. ಮಳೆ ಶುರುವಾಯಿತು.

"ರೀ, ಬಸ್ಸಲ್ಲಿ ಹೋಗಿ, ಮೇಲಕ್ಕೆ ನಡೆದು ಕೊಟ್ಟು ಬನ್ನಿ" ಎಂದಳು ಹೆಂಡತಿ.

"ನಡೆದುಕೊಂಡು? ಫೋರ್ ವೀಲ್ ಡ್ರೈವ್ ಇಟ್ಕೊಂಡು?"

"ಸರಿ, ಹಾಲಿನ ಗಾಡಿಯವನ ಕೈಲಿ ಕಳಿಸಿ."

"ಕನ್ನಡಕ ಅಂದ್ರೆ ಹಾಲಿನ ಪ್ಯಾಕೆಟ್ಟಾ? ನಾನೇ ಕೂರಿಸ್ಬೇಕು ಕಣೇ. ಕಿವಿ ಹಿಂದೆ ಒಂದು ಕೂದಲೆಳೆ ಆ ಕಡೆ ಈ ಕಡೆ ಆದ್ರೂ ತಲೆನೋವು ಬರುತ್ತೆ."

"ನನಗೆ ಕನ್ನಡಕ ಇಲ್ದೆನೇ ಬಂದಿದೆ" ಎಂದು ಅವಳು ಒಳಗೆ ಹೋದಳು.

ಬೆಟ್ಟದ ಮೇಲೆ ತಲೆನೋವಿಗಿಂತ ದೊಡ್ಡದು ಕಾದಿತ್ತು. ಆ ಘಟಕದಲ್ಲಿ ಅಂಗಿಗಳಿಗೆ ಕಾಜಾ ಹೊಲಿಯುವವಳೊಬ್ಬಳಿದ್ದಳು, ಎಲ್ಲರ ಬಾಯಲ್ಲಿ ಕಾಜಾಕ್ಕ. ಬಟನ್ ತೂರುವ ಆ ಸಣ್ಣ ಸೀಳನ್ನು ಕೂರಿಸುವುದರಲ್ಲಿ ಅವಳ ಸಮಕ್ಕೆ ಯಾರೂ ಇರಲಿಲ್ಲ, ಕಣ್ಣು ಮಂಜಾಗುವವರೆಗೆ. ಅವಳೇ ಫೋನ್ ಮಾಡಿದಳು.

"ಅಣ್ಣಾ, ನಮ್ಮ ಕನ್ನಡಕ ಎಲ್ಲಿಗೆ ಬಂತು?"

"ರೆಡಿ ಇದೆ ಅಕ್ಕಾ. ಟೈರ್ ಒಂದು ಆಗ್ಬೇಕು."

"ಕನ್ನಡಕಕ್ಕೆ ಟೈರ್ ಹಾಕ್ತಾರಾ ಈಗ?"

"ಗಾಡಿಗಕ್ಕಾ! ನಿಮ್ಮ ದಾರಿಗೆ ಯಾವುದೋ ಒಂದು ಹಾಕ್ಕೊಂಡು ಬರೋಕಾಗಲ್ಲ."

"ನೋಡಣ್ಣಾ, ನಾನು ಹೊಲಿದ ಅಂಗಿ ವಾಪಸ್ ಬರ್ತಿದೆ. ಕಾಜಾ ಒಂದು ಕಡೆ, ಬಟನ್ ಇನ್ನೊಂದು ಕಡೆ, ಬೀಗರು ಮುನಿಸಿಕೊಂಡಂಗೆ. ಸೋಮವಾರ ಸೂಪರ್‌ವೈಸರ್ ಅಂಗಿ ಕೊಟ್ಟು ನೋಡ್ತಾರಂತೆ. ಕೆಟ್ಟರೆ ನನ್ನ ಮಿಷನ್ ಬೇರೆಯವಳಿಗೆ. ನಾನು ಮೂಲೇಲಿ ಕೂತು ದಾರದ ತುದಿ ಕತ್ತರಿಸ್ಬೇಕು. ಇಷ್ಟು ವರ್ಷ ಹೊಲಿದವಳು ಅಲ್ಲಿ ಕೂರೋದು ಹೇಗೆ ಹೇಳು? ನಾನೇ ಇಳಿದು ಬರೋಣ ಅಂದ್ರೆ ಒಂದು ದಿನ ರಜೆ ಹಾಕಿದ್ರೂ ಮಿಷನ್ ಹೋಗುತ್ತೆ."

"ಸೋಮವಾರ ನಿಮ್ಮ ಬಾಗಿಲಲ್ಲಿ ಇರ್ತೀನಕ್ಕಾ. ಮಾತು ಅಂದ್ರೆ ಮಾತು."

ಮಾತು ಕೊಟ್ಟವನು ಶನಿವಾರ ಟೈರಿನ ಅಂಗಡಿಯಲ್ಲಿ ಕೂತ. ಮಧ್ಯಾಹ್ನದವರೆಗೆ ಕೂತ. ಒಂದು ಟೈರು ಉರುಳಿಸಿ ತರಿಸಿದ, ಇನ್ನೊಂದು ತರಿಸಿದ, ಮೊದಲಿನದನ್ನು ಮತ್ತೆ ತರಿಸಿದ. ಟೈರಿನಂಗಡಿಯವನ ಸೊಂಟ ಬಿದ್ದುಹೋಯಿತು.

"ಸಾರ್, ಟೈರ್ ದುಂಡಗಿದ್ರೆ ಸಾಕು, ತಗೊಂಡು ಹೋಗಿ" ಎಂದು ಕೈ ಮುಗಿದ.

ಆ ಗಳಿಗೆಯಲ್ಲಿ ಇದೋ ಅದೋನ ತಲೆಯಲ್ಲಿ ದೀಪ ಹೊತ್ತಿತು. ಮನುಷ್ಯನ ಎರಡು ಕಣ್ಣಿಗೂ ಒಂದೇ ನಂಬರಿನ ಗಾಜು ಹಾಕುತ್ತೇವೆಯೇ? ಬಲಗಣ್ಣಿಗೆ ಒಂದು, ಎಡಗಣ್ಣಿಗೆ ಇನ್ನೊಂದು, ಆದರೂ ಲೋಕ ಒಂದೇ ಆಗಿ ಕಾಣುವುದಿಲ್ಲವೇ? ಹಾಗಿದ್ದ ಮೇಲೆ ಆರಿಸುವುದೇಕೆ?

"ಎಡಗಡೆ ಎರಡಕ್ಕೂ ಕೆಸರಿನ ಟೈರ್. ಬಲಗಡೆ ಎರಡಕ್ಕೂ ಆಲ್ ಟೆರೇನ್. ಓಡಿಸಿ ನೋಡಿದ್ರೆ ಯಾವುದು ಒಳ್ಳೇದು ಅಂತ ತಾನಾಗೇ ಗೊತ್ತಾಗುತ್ತೆ!"

ಅಂಗಡಿಯವನು ಒಂದು ಕ್ಷಣ ಬಾಯಿ ತೆರೆದ. ನಂತರ ತನ್ನ ಗೋದಾಮಿನಲ್ಲಿ ಯಾರೂ ಕೇಳದೆ ಧೂಳು ತಿನ್ನುತ್ತಿದ್ದ ಎರಡು ಬಿಡಿ ಜೋಡಿಗಳು ನೆನಪಾಗಿ, ತೆರೆದ ಬಾಯಿಯಲ್ಲೇ "ಆಹಾ" ಎಂದ. "ಸೈಜ್ ಒಂದೇ ಸಾರ್, ಏನೂ ತೊಂದರೆ ಇಲ್ಲ."

ಟೈರಿನ ಮೇಲೆ ಬರೆದ ಸೈಜು ಒಂದೇ ಇತ್ತು. ಟೈರು ಒಂದೇ ಇರಲಿಲ್ಲ. ಮನೆ ತಲುಪುವ ದಾರಿಯಲ್ಲೇ ಗಾಡಿ ಎಡಕ್ಕೆ ಎಳೆಯತೊಡಗಿತು. ದಪ್ಪ ಹಲ್ಲಿನ ಕಡೆ ಭಾರವಾಗಿ ಉರುಳುವುದು, ಈ ಕಡೆ ಹಗುರವಾಗಿ ಓಡುವುದು. ಇವನು ಇಡೀ ದಾರಿ ಸ್ಟೇರಿಂಗನ್ನು ಬಲಕ್ಕೆ ಎಳೆದು ಹಿಡಿದುಕೊಂಡೇ, ಜಾತ್ರೆಯಲ್ಲಿ ಹಟ ಹಿಡಿದ ಮಗುವನ್ನು ಎಳೆಯುವವನಂತೆ ಬಂದ. ಎಡಕಿವಿಯಲ್ಲಿ ಗುಂಯ್, ಬಲಕಿವಿಯಲ್ಲಿ ಸದ್ದಿಲ್ಲ.

ಹೆಂಡತಿ ಗಾಡಿಯ ಸುತ್ತ ಒಂದು ಸುತ್ತು ಬಂದಳು. "ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ" ಎಂದಳು.

"ಇದು ಪರೀಕ್ಷೆ ಕಣೇ."

"ಪರೀಕ್ಷೆ ಕಾಜಾಕ್ಕನಿಗೆ ರೀ, ನಿಮಗಲ್ಲ."

ಸೋಮವಾರ ಬೆಳಿಗ್ಗೆ ಹೊರಟ. ಬುಡದವರೆಗೆ ಕೈನೋವಷ್ಟೇ. ಮಣ್ಣಿನ ಏರು ಶುರುವಾದಾಗ ಎದೆಯುಬ್ಬಿಸಿ ನಾಲ್ಕು ಚಕ್ರಕ್ಕೂ ಎಳೆತ ಕೊಡುವ ಗೇರು ಹಾಕಿದ. ಹಿಂದೆ ಜಾರಿದ್ದ ಅದೇ ತಿರುವಿನಲ್ಲಿ ಈಗ ಮೊಣಕಾಲುದ್ದ ಕೆಸರು. ನುಗ್ಗಿಸಿದ. ಬಲಗಡೆಯ ಚಕ್ರಗಳು ಕೆಸರು ಕಡೆಯತೊಡಗಿದವು, ಬೆಣ್ಣೆ ಮಾತ್ರ ಬರಲಿಲ್ಲ. ಎಡಗಡೆ, ಇಟ್ಟಿಗೆ ಹಲ್ಲಿನ ಶೂರರು, ಮದುವೆ ಮನೆಯ ಹಿರಿಯರಂತೆ ಅಲ್ಲಾಡದೆ ಕೂತಿದ್ದರು. ಜಾರುವ ಕಡೆಯೇ ಇಂಜಿನ್ನಿನ ಜೋರೆಲ್ಲ ಹರಿದು ಹೋಗುವಾಗ ಗಟ್ಟಿಯಾಗಿ ಹಿಡಿಯುವ ಕಡೆಗೆ ಕೆಲಸವೇ ಇಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟವನು ನೀರಿಗೆ ಬೀಳುತ್ತಾನೆ ಎನ್ನುವುದನ್ನು ನಾಲ್ಕು ಟೈರು ಕೊಂಡು ಕಲಿಯುವವರು ಅಪರೂಪ.

ಇನ್ನು ಉಳಿದದ್ದು ಕಾಲು. ಕನ್ನಡಕದ ಪೆಟ್ಟಿಗೆ ಎದೆಗವಚಿಕೊಂಡು ಇಳಿದ. ಒಂದು ಚಪ್ಪಲಿಯನ್ನು ಕೆಸರು ನುಂಗಿತು. ಉಳಿದ ಒಂದನ್ನು ಹಾಕಿಕೊಳ್ಳುವುದೋ ಬಿಡುವುದೋ ಎಂದು ಅಲ್ಲಿಯೂ ಸ್ವಲ್ಪ ಹೊತ್ತು ನಿಂತ.

ಹೊಲಿಗೆ ಘಟಕದ ಬಾಗಿಲು ತಲುಪಿದಾಗ ಸೂಪರ್‌ವೈಸರ್ ಅಂಗಿ ಹಿಡಿದು ಕಾಜಾಕ್ಕನ ಮಿಷನ್ ಮುಂದೆ ನಿಂತಾಗಿತ್ತು. ಅವಳು ದಾರವನ್ನು ಸೂಜಿಯ ಕಡೆ ಚುಚ್ಚುತ್ತಿದ್ದಳು, ದಾರ ಸೂಜಿಯ ಅಕ್ಕಪಕ್ಕವೆಲ್ಲ ಸುತ್ತಾಡಿ ಬರುತ್ತಿತ್ತು. ಇವನು ಏದುಸಿರು ಬಿಡುತ್ತ ಹೋಗಿ ಕನ್ನಡಕ ಅವಳ ಮೂಗಿಗೇರಿಸಿದ.

"ಹೇಗಿದೆ ಅಕ್ಕಾ? ಕಡ್ಡಿ ಸ್ವಲ್ಪ ಒಳಕ್ಕೆ ಬಗ್ಗಿಸ್ಲಾ? ಇಲ್ಲ ಹೀಗೇ..."

"ಕಾಣ್ತಿದೆ. ಕೈ ತೆಗಿ."

ದಾರ ಒಂದೇ ಸಲಕ್ಕೆ ಒಳಗೆ ಹೋಯಿತು. ಮಿಷನ್ ಗರಗರ ಎಂದಿತು. ಸೂಪರ್‌ವೈಸರ್ ಅಂಗಿ ಎತ್ತಿ, ಕತ್ತಿನಿಂದ ಕೆಳಗಿನವರೆಗೆ ಬಟನ್ ಹಾಕುತ್ತ ಬಂದ. ಎಲ್ಲೂ ಸುಕ್ಕಿಲ್ಲ, ಎಲ್ಲೂ ಎಳೆತವಿಲ್ಲ. "ಹ್ಞೂಂ, ಇಲ್ಲೇ ಕೂತ್ಕೋ" ಎಂದು ಮುಂದೆ ಹೋದ. ಕಾಜಾಕ್ಕ ಮುಂದಿನ ಅಂಗಿಯನ್ನು ಮಿಷನ್ ಕೆಳಗೆ ಎಳೆದುಕೊಂಡಳು. ಉಳಿದವರ ಮೂಗಿಗೂ ಕನ್ನಡಕ ಏರಿಸುತ್ತ ಇವನು ಕೊನೆಗೆ ತನ್ನ ಅಹವಾಲು ಹೇಳಿದ.

"ಅಕ್ಕಾ, ಗಾಡಿ ಕೆಳಗೆ ಹೂತುಕೊಂಡಿದೆ. ನಾಲ್ಕು ಜನ ಬಂದು ತಳ್ಳಿದ್ರೆ..."

ಕಾಜಾಕ್ಕ ಹೊಸ ಕಣ್ಣಿನಿಂದ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಕೆಸರು ಪ್ಯಾಂಟು, ಒಂದೇ ಚಪ್ಪಲಿ.

"ಸಂಜೆ ಬರ್ತೀವಣ್ಣಾ, ಈ ಅಂಗಿ ಲೋಡ್ ಮುಗಿದ ಮೇಲೆ. ನನ್ನಿಂದಾಗಿ ಹಿಂದೆ ಬಿದ್ದಿದೆ, ಅಲ್ಲ, ನಿನ್ನಿಂದಾಗಿ. ಸುಮ್ನೆ ಯಾಕೆ ನಿಂತಿದ್ದೀಯಾ? ಕೈ ತೊಳ್ಕೊಂಡು ಆ ಮೂಲೇಲಿ ಕೂತ್ಕೋ. ಆ ಜಾಗ ನನಗೇ ಅಂತ ಇಟ್ಟಿದ್ರು, ಖಾಲಿ ಇದೆ."

ಘಟಕದಲ್ಲೆಲ್ಲ ನಗು ಎದ್ದಿತು. ಯಾರೋ ಅವನ ಕೈಗೆ ಪುಟ್ಟ ಕತ್ತರಿ ಕೊಟ್ಟರು, ಮಡಿಲಿಗೆ ಅಂಗಿಗಳ ರಾಶಿ ಹಾಕಿದರು. ಕೂತ. ಒಂದು ದಾರದ ತುದಿ ಎತ್ತಿದ. ಇಲ್ಲಿ ಕತ್ತರಿಸಿದರೆ ಹೊಲಿಗೆ ಬಿಚ್ಚಬಹುದು, ಅಲ್ಲಿ ಕತ್ತರಿಸಿದರೆ ತುದಿ ಇಣುಕಬಹುದು. ಬೆಳಕಿಗೆ ಹಿಡಿದ. ತಿರುಗಿಸಿದ. ಮತ್ತೆ ಹಿಡಿದ.

ಎರಡನೇ ಸುತ್ತು ಬಂದ ಸೂಪರ್‌ವೈಸರ್ ಅವನ ಮುಂದೆ ನಿಂತು, ಮುಟ್ಟದೆ ಉಳಿದ ರಾಶಿಯನ್ನು ನೋಡಿ, ಕಾಜಾಕ್ಕನ ಕಡೆ ತಿರುಗಿದ.

"ಈ ಹೊಸಬನ್ನ ಯಾರಮ್ಮ ಸೇರಿಸ್ಕೊಂಡಿದ್ದು? ನಾಳೆಯಿಂದ ಬೇಡ ಅಂತ ಹೇಳ್ಬಿಡಿ."