ಎಲೆ ಎಣಿಸಿದರೆ ಸಾಲದೆಂದ ಅಜಿತಕುಮಾರರು

ಭೂಗೋಳವೆಂದರೆ ನಕಾಶೆಗೆ ಬಣ್ಣ ತುಂಬುವ ವಿಷಯವೆಂದು ಮಕ್ಕಳು ಆಕಳಿಸುತ್ತಿದ್ದ ಕಾಲದಲ್ಲಿ, ಅದನ್ನು ಅನ್ನ, ನೀರು, ಸೌದೆಗಳ ಶಾಸ್ತ್ರವಾಗಿ ಕಲಿಸಿದವರಲ್ಲಿ ನಮ್ಮ ಸೀಮೆಗೆ ಮೊದಲು ನೆನಪಾಗುವ ಹೆಸರು, ಈ ವರ್ಷ ನಿವೃತ್ತರಾಗುತ್ತಿರುವ ಶ್ರೀ ಅಜಿತಕುಮಾರರದು. ಮೇಳಿಗೆಯ ಜೈನ ಮನೆತನದಲ್ಲಿ ಹುಟ್ಟಿ, ಬೇಕಾದಷ್ಟೇ ಇಟ್ಟುಕೊಳ್ಳುವ ಅಪರಿಗ್ರಹದ ಪಾಠವನ್ನು ತಾಯಿಯ ಅಡುಗೆಮನೆಯಲ್ಲೇ ಕಲಿತ ಅವರು, ಹೊಸನಗರದಲ್ಲಿ ಉಪನ್ಯಾಸಕರಾಗಿ ಸೇರಿ, ಸಾಗರದಲ್ಲಿ ಬಹುಕಾಲ ದುಡಿದು, ಕೊನೆಗೆ ತೀರ್ಥಹಳ್ಳಿಯ ಪದವಿಪೂರ್ವ ಕಾಲೇಜೊಂದಕ್ಕೆ ಬಂದರು. ಎರಡೇ ಜೊತೆ ಬಟ್ಟೆಯಲ್ಲಿ ಸರ್ವಿಸ್ ಮುಗಿಸಿದರೆಂದು ಸ್ಟಾಫ್ ರೂಮಿನಲ್ಲಿ ಚೇಷ್ಟೆ ಮಾಡುವವರುಂಟು. ಶುದ್ಧ ಸುಳ್ಳು, ಮೂರು ಜೊತೆ ಇದ್ದವು!

ಅಂಥವರೂ ಒಮ್ಮೆ ಎಡವಿದರು. ತೀರ್ಥಹಳ್ಳಿಗೆ ಬಂದ ಹೊಸತು, ಜನಸಂಖ್ಯೆಯ ಪಾಠ ನಡೆದಿತ್ತು. ಶ್ರೀಮಂತ ದೇಶವೊಂದರಲ್ಲಿ ಜನ ಹೆಚ್ಚುವುದು ಬಹುಪಾಲು ನಿಂತೇಹೋಗಿದ್ದರೂ ಕಾರು, ಕರೆಂಟು, ಮನೆಯ ಕೋಣೆಗಳು ಮಾತ್ರ ಹೆಚ್ಚುತ್ತಲೇ ಇರುವುದನ್ನು ಅವರು ವಿವರಿಸುತ್ತಿದ್ದರು. ಹಿಂದಿನ ಬೆಂಚಿನ ವಿನೋದ್, "ಏನೇ ಹೇಳಿ ಸರ್, ಜನ ಜಾಸ್ತಿಯಾದ್ರೇ ತೊಂದ್ರೆ. ನಮ್ಮ ಕುಮುದಾನ ಮನೇಲೇ ಏಳು ಮಕ್ಳು!" ಎಂದ. ತರಗತಿ ಗೊಳ್ಳೆಂದು ನಕ್ಕಿತು. ಅಜಿತಕುಮಾರರೂ ನಕ್ಕುಬಿಟ್ಟರು. ಮರುದಿನದಿಂದ ಕುಮುದಾ ಕಾಲೇಜಿಗೆ ಬರಲಿಲ್ಲ.

ತಮ್ಮ ನಗೆಯಿಂದ ಒಬ್ಬ ಹುಡುಗಿಯ ಓದು ನಿಂತುಹೋಗುವುದೇ ಎಂದು ಅವರ ಜೀವ ಚಡಪಡಿಸಿತು. ಆ ಭಾನುವಾರವೇ ಬಸ್ಸು ಹತ್ತಿ ಅವಳ ಊರಾದ ಮಂಡಗದ್ದೆಗೆ ಹೋದರು. ಕುಮುದಾಳ ತಾಯಿ ಹುಲಿಯಮ್ಮ ಚಾಪೆ ಹಾಸಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಮುಚ್ಚುಮರೆಯಿಲ್ಲದೆ ಕೇಳಿದರು: "ನಾವು ಜಾಸ್ತಿಯಾದ್ವಂತೆ, ಹೌದಾ ಸಾರ್? ಏಳ್ರಾಗೆ ಯಾವ್ದನ್ನ ಬೇಡ ಅನ್ಲಿ ಹೇಳಿ?"

ಅಜಿತಕುಮಾರರು ಚಾಪೆಯಿಂದ ಎದ್ದು ನಿಂತರು. ಬಳಿಕ ಬಾಗಿಲ ಮರೆಯಲ್ಲಿದ್ದ ಕುಮುದಾಳಿಗೆ ಕೇಳುವಂತೆ, "ನಗಬಾರದಿತ್ತಮ್ಮ, ನಕ್ಕೆ. ತಪ್ಪು ನಂದೇ. ನಾಳೆ ಕ್ಲಾಸಲ್ಲಿ ಎಲ್ಲರೆದುರಿಗೇ ಹೇಳ್ತೀನಿ, ನೀನು ಬಂದು ಕೇಳು" ಎಂದರು.

ಸೋಮವಾರ ಹಾಜರಿ ಕರೆದಾಗ ಅವಳ ಹೆಸರಿಗೆ ಉತ್ತರವಿರಲಿಲ್ಲ. ಆದರೂ ಆಡಿದ ಮಾತಿಗೆ ತಪ್ಪುವ ಜಾಯಮಾನ ಅವರದಲ್ಲ. "ಮದುವೆಮನೇಲಿ ಎಷ್ಟು ಎಲೆ ಬಿತ್ತು ಅಂತ ಕೇಳ್ತೀವಿ. ಒಂದೊಂದು ಎಲೆಗೆ ಎಷ್ಟು ಬಡಿಸಿದ್ರು, ಎಷ್ಟು ಚೆಲ್ಲಿದ್ರು ಅಂತ ಯಾರಾದ್ರೂ ಕೇಳ್ತೀವಾ? ಆ ದೇಶದಲ್ಲಿ ಎಲೆ ಹೆಚ್ಚಾಗಿಲ್ಲ ಕಣ್ರೋ, ಬಡಿಸೋದು ಹೆಚ್ಚಾಗಿದೆ. ಇದನ್ನ ಪಾಠ ಮಾಡ್ತಾ ಮಾಡ್ತಾನೇ, ಇದ್ದದ್ದನ್ನ ಹಂಚಿಕೊಂಡು ಉಣ್ಣೋ ಮನೆ ಬಗ್ಗೆ ನಾನು ನಕ್ಕೆ. ಅದು ತಪ್ಪು" ಎನ್ನುತ್ತಿರುವಾಗಲೇ ಬಾಗಿಲಲ್ಲಿ ದನಿ ಕೇಳಿತು: "ಬಸ್ ಲೇಟಾಯ್ತು ಸರ್, ಒಳಗೆ ಬರ್ಲಾ?" ಕುಮುದಾ! ಅಬ್ಬ, ಅವರಿಗೆ ಹೋದ ಜೀವ ಬಂದಂತಾಯಿತು. ವಿನೋದ್ ತಲೆ ತಗ್ಗಿಸಿದ.

ಕುಮುದಾ ಇಂದು ಹೊಸನಗರದಲ್ಲಿ ಶಿಕ್ಷಕಿ. ಅವಳ ಹಿಂದೆ ತಮ್ಮಂದಿರು, ತಂಗಿಯರು ಒಬ್ಬರಾದ ಮೇಲೊಬ್ಬರು ಬಂದರು. ಬಸ್ ಪಾಸಿಗೆ ಓಡಾಡಿದವರು, ಹಳೆಯ ಪುಸ್ತಕ ಹುಡುಕಿ ಕೊಟ್ಟವರು, ಪರೀಕ್ಷೆ ಹತ್ತಿರವಾದಾಗ ಬೇರೆಯಾಗಿ ಕೂರಿಸಿ ಹೇಳಿಕೊಟ್ಟವರು ಅಜಿತಕುಮಾರರೇ. ಎಲ್ಲರಿಗಿಂತ ಕಿರಿಯಳಾದ ಶರಾವತಿ ಈ ಸಲ, ಅವರ ಕಡೆಯ ತಂಡದಲ್ಲಿ ತೇರ್ಗಡೆಯಾದಳು.

ಆಯುರಾರೋಗ್ಯಗಳು ಅವರಿಗೆ ತುಂಬಿ ಬರಲಿ, ವಿಶ್ರಾಂತಿಯ ನೆಪದಲ್ಲಿ ಅವರು ಸೀಮೆಸುಣ್ಣ ಕೆಳಗಿಡದಿರಲಿ ಎಂಬುದು ನಮ್ಮೆಲ್ಲರ ಹಾರೈಕೆ. ಆದರೆ ಬೀಳ್ಕೊಡುಗೆಯ ದಿನ ಹುಲಿಯಮ್ಮ ಕೈಮುಗಿದು ಹೇಳಿದ ಮಾತಿನೆದುರು ಇದೆಲ್ಲ ಸಪ್ಪೆಯೇ: "ಏಳು ಮಕ್ಳದೂ ಆಯ್ತು ಸಾರ್. ಇನ್ನೊಂದಿದ್ದಿದ್ರೆ ಅದ್ನೂ ನಿಮ್ಮತ್ರಾನೇ ಕಳಿಸ್ತಿದ್ದೆ. ನೀವು ನೂರು ವರ್ಷ ಗಟ್ಟಿಯಾಗಿರ್ಬೇಕು. ಮೊಮ್ಮಕ್ಳು ಬರ್ತಾವೆ."