ಬಿಪಿ ಏರಿಸುವವರು ಯಾರು? ಉಪ್ಪಕ್ಕನನ್ನು ಕೇಳಿ

ಬೆಳಕು ಹರಿಯುವ ಮುನ್ನವೇ ಡಯಾಲಿಸಿಸ್ ಕೋಣೆಯ ದೀಪಗಳು ಹೊತ್ತಿವೆ. ಉಪ್ಪಕ್ಕ ಯಂತ್ರಕ್ಕೆ ಹೊಸ ಕೊಳವೆ ಜೋಡಿಸಿ, ಗಾಳಿಗುಳ್ಳೆ ಉಳಿದಿದೆಯೇ ಎಂದು ಬೆರಳಿನಿಂದ ತಟ್ಟಿ ನೋಡುತ್ತಿದ್ದಾರೆ. ಮೊದಲು ಬಂದ ಟೈಲರ್ ಅಜ್ಜ ತೂಕದ ಯಂತ್ರ ಹತ್ತುವ ಮುಂಚೆ ಚಪ್ಪಲಿ ಬಿಡುತ್ತಾರೆ, ಕನ್ನಡಕ ತೆಗೆಯುತ್ತಾರೆ, ಜೇಬಿನ ಚಿಲ್ಲರೆಯನ್ನೂ ಕಿಟಕಿಯಲ್ಲಿಡುತ್ತಾರೆ.

"ಹಲ್ಲಿನ ಸೆಟ್ಟೂ ತೆಗೆದಿಡಿ ಅಜ್ಜ. ನಿನ್ನೆ ಚಿಪ್ಸ್ ತಿಂದಿದ್ದು ಕಾಲಿನ ಊತದಲ್ಲೇ ಕಾಣ್ತಿದೆ!"

"ಒಂದೇ ಪೊಟ್ಟಣ ಕಣಮ್ಮ," ಎಂದು ಅಜ್ಜ ತಲೆ ಕೆರೆದುಕೊಳ್ಳುತ್ತಾರೆ.

ಉಪ್ಪಿನ ವಿಷಯದಲ್ಲಿ ಹೀಗೆ ಎಲ್ಲರ ಪ್ರಾಣ ತಿನ್ನುವುದರಿಂದಲೇ ಈ ಟೆಕ್ನಿಷಿಯನ್‌ಗೆ ರೋಗಿಗಳು ಇಟ್ಟ ಹೆಸರು ಉಪ್ಪಕ್ಕ. ಡಯಾಲಿಸಿಸ್ ಮುಗಿಸಿ ಹೊರಟವರು ವೈದ್ಯರಿಗೆ ಕೈಮುಗಿಯುವ ಹೊತ್ತಿಗೆ ಇವರು ಒಳಗೆ ಯಂತ್ರ ತೊಳೆಯುತ್ತಿರುತ್ತಾರೆ. ಅದರ ಬೇಸರ ಅವರಿಗಿಲ್ಲ, ನನಗಿದೆ.

"ಬಿಪಿ ಅಂದ್ರೆ ಎಲ್ರೂ ಎದೆ ಮುಟ್ಕೋತಾರೆ. ಬೆನ್ನ ಹಿಂದೆ ದುಡಿಯೋ ಕಿಡ್ನಿನ ಯಾರು ಕೇಳ್ತಾರೆ? ಅದು ಉಪ್ಪನ್ನ ಸರಿಯಾಗಿ ಹೊರಗೆ ಹಾಕದಿದ್ರೆ ನೀರೂ ಒಳಗೇ ಉಳಿಯುತ್ತೆ, ಒತ್ತಡ ಏರುತ್ತೆ. ಆ ಒತ್ತಡ ತಿರುಗಿ ಕಿಡ್ನಿನೇ ಹಾಳು ಮಾಡುತ್ತೆ. ಹಾಳಾದ ಕಿಡ್ನಿ ಬಿಪಿನ ಇನ್ನೂ ಏರಿಸುತ್ತೆ," ಎನ್ನುತ್ತಾರೆ ಉಪ್ಪಕ್ಕ.

ಆದರೆ ಇಷ್ಟೆಲ್ಲ ಬಲ್ಲ ಅಕ್ಕ ಸ್ವಂತ ತಮ್ಮನ ವಿಷಯದಲ್ಲಿ ಎಡವಿದ್ದರು. ಆ ತಮ್ಮ ಬಸ್ ಡ್ರೈವರ್. ಬಿಪಿ ಇದೆ ಎಂದು ಗೊತ್ತಾದ ದಿನದಿಂದ ತಮ್ಮನದು ಒಂದೇ ಮಾತು, "ನನ್ನ ಬಿಪಿ ಏರಿಸಬೇಡಿ." ಹೆಂಡತಿ ಜಗಳ ನಿಲ್ಲಿಸಿದರು, ಮಕ್ಕಳು ಟಿವಿ ಸದ್ದು ತಗ್ಗಿಸಿದರು, ಅಕ್ಕನೂ ಬಾಯಿಗೆ ಬೀಗ ಹಾಕಿಕೊಂಡರು. ಮನೆ ತಣ್ಣಗಾಯಿತು. ಸಿಟ್ಟು ಹೋದ ಮೇಲೆ ಬಿಪಿಯೂ ಹೋಯಿತೆಂದು ತಮ್ಮ ಗುಟ್ಟಾಗಿ ಮಾತ್ರೆ ಬಿಟ್ಟರು. ಊಟದ ಮೇಜಿನ ಉಪ್ಪಿನ ಡಬ್ಬಿಯನ್ನು ಮಾತ್ರ ಯಾರೂ ಎತ್ತಿಡಲಿಲ್ಲ.

ಒಂದು ದಿನ ಆ ತಮ್ಮ ಕಾಲುಚೀಲ ಕಳಚಿದಾಗ ಊದಿದ ಪಾದದ ಮೇಲೆ ಅದರ ಅಚ್ಚು ಆಳವಾಗಿ ಉಳಿಯಿತು. ಪರೀಕ್ಷೆ ಮಾಡಿಸಿದರೆ ಬಿಪಿ ಆಕಾಶದಲ್ಲಿ, ಮೂತ್ರದಲ್ಲಿ ಪ್ರೋಟೀನ್ ಸೋರಿಕೆ. ಕಿಡ್ನಿಗೆ ಪೆಟ್ಟು ಬೀಳತೊಡಗಿತ್ತು.

"ಇಲ್ಲಿಗೇ ಕರ್ಕೊಂಡ್ ಬಂದು, ಖಾಲಿ ಇದ್ದ ಈ ಡಯಾಲಿಸಿಸ್ ಕುರ್ಚಿ ತೋರಿಸಿ, ನಿಂಗೂ ಒಂದು ಬೇಕೇನೋ ಅಂದೆ. ಬೈತಾ ಬೈತಾ ಅತ್ತುಬಿಟ್ಟೆ," ಎನ್ನುತ್ತಾರೆ. ಅಂದಿನಿಂದ ಮಾತ್ರೆ ಮತ್ತೆ ಶುರುವಾಯಿತು. ಉಪ್ಪಿನ ಡಬ್ಬಿ ಅಕ್ಕನ ಬೀರುವಿಗೆ ಸೇರಿತು.

ನಾವು ಮಾತಾಡುತ್ತಿರುವಾಗಲೇ ಅವರ ಫೋನು ಸದ್ದು ಮಾಡುತ್ತದೆ. ತಮ್ಮನ ಹೊಸ ವರದಿ. ಉಪ್ಪಕ್ಕ ಎರಡೆರಡು ಸಲ ಓದಿ, ಫೋನನ್ನು ಅಜ್ಜನ ಮುಖಕ್ಕೇ ಹಿಡಿಯುತ್ತಾರೆ. ಸೋರಿಕೆ ನಿಂತಿದೆ, ಬಿಪಿ ಹದಕ್ಕೆ ಬಂದಿದೆ. ಅವರ ಮುಖ ನೋಡಿ ನನಗೂ ಎದೆ ಉಬ್ಬುತ್ತದೆ.

ಈಗ ಏನಾಸೆ ಎಂದು ಕೇಳುತ್ತೇನೆ. ಕಣ್ಣೊರೆಸಿಕೊಂಡು ಗ್ಲೌಸ್ ಹಾಕಿಕೊಳ್ಳುತ್ತಾರೆ.

"ಇವತ್ತು ಮನೆಗೆ ಹೋಗಿ ಅವನ ಜೊತೆ ಮನಸಾರೆ ಜಗಳ ಆಡಬೇಕು. ಎಷ್ಟು ಬೈದ್ರೂ ನನ್ನ ತಮ್ಮನ ಬಿಪಿ ಏರಲ್ಲ."